ಅಂಡಮಾನಿಗೆ ಹೊರಟವರು ಶಿವನಸಮುದ್ರ ತಲುಪಿದ್ದು

ಎರಡು ಖಾಕಿ ಕ್ಯಾನ್ವಾಸ್ ಚೀಲಗಳು ನಮ್ಮ ಮನೆಯ ಅಟ್ಟದ ಮೇಲೆ ಇವತ್ತಿಗೂ ಇವೆ. ಬೆನ್ನಿಗೆ ಹಾಕಿಕೊಳ್ಳುವಂಥವು. ಒಂದರ ಪಟ್ಟಿ ಕಿತ್ತುಹೋಗಿದೆ, ಇನ್ನೊಂದನ್ನು ಇಲಿ ತಿಂದಿದೆ. ಅವನ್ನು ಕೊಂಡದ್ದು 2004ರ ನವೆಂಬರಿನಲ್ಲಿ, ಅಂಡಮಾನಿಗೆ ಹೋಗಲೆಂದು. ನಾನು ಯಳಂದೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಆಗ ಮೂವತ್ತರ ಆಸುಪಾಸಿನ ವಯಸ್ಸು. ಭೂಪಟದಲ್ಲಿ ಕಡ್ಡಿ ತೋರಿಸಿ ಹವಳದ ದಿಬ್ಬ, ಜ್ವಾಲಾಮುಖಿ, ಉಷ್ಣವಲಯದ ಮಳೆಕಾಡು ಎಂದೆಲ್ಲ ಪಾಠ ಮಾಡುತ್ತಿದ್ದೆನೇ ಹೊರತು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವನಲ್ಲ.

ಹೊರಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮನೆಗೆ ಸೊಸೆಯಾಗಿ ಹೋದ ನನ್ನ ಅಕ್ಕನಿಗೆ ಒಬ್ಬನೇ ಮಗ. ಅವನು ಒಂಬತ್ತನೇ ತರಗತಿಯಲ್ಲಿದ್ದಾಗ ನಾನೊಂದು ಮಾತು ಕೊಟ್ಟಿದ್ದೆ: 'ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಾ, ಹಡಗಿನಲ್ಲಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ.' ದೊಡ್ಡವರು ಹೀಗೆ ಮಾತು ಕೊಡುವಾಗ ಮಕ್ಕಳು ಅದನ್ನು ಎಷ್ಟು ಭದ್ರವಾಗಿ ಕಟ್ಟಿಟ್ಟುಕೊಳ್ಳುತ್ತಾರೆಂದು ಯೋಚಿಸುವುದಿಲ್ಲ. ಹುಡುಗ ಫಸ್ಟ್ ಕ್ಲಾಸ್ ಬಂದ. ಆ ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಹಣವಿರಲಿಲ್ಲ. 'ಚೀಟಿ ಎತ್ತಿದ ಮೇಲೆ ಹೋಗೋಣ' ಎಂದೆ. ಅವನು ಪಿಯುಸಿಗೆ ಸೇರಿದ. ಚೀಟಿ ಎತ್ತಿದ್ದು ಅಕ್ಟೋಬರಿನಲ್ಲಿ. ಚೆನ್ನೈನಿಂದ ಆಗಿನ ಪೋರ್ಟ್ ಬ್ಲೇರ್‌ಗೆ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಹಡಗಿನ ಬಂಕ್ ಟಿಕೆಟ್ಟು ತೆಗೆಸಿದ್ದು ಡಿಸೆಂಬರಿನಲ್ಲಿ. ಜನವರಿಯ ಎರಡನೇ ವಾರದ ಪ್ರಯಾಣ, ಸುಮಾರು ಅರವತ್ತು ಗಂಟೆಗಳ ಹಾದಿ. ನನಗೆ ಹದಿನೈದು ದಿನದ ರಜೆಯೂ ಮಂಜೂರಾಯಿತು.

ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ 6 ಗಂಟೆ 28 ನಿಮಿಷಕ್ಕೆ ಸುಮಾತ್ರಾದ ಪಕ್ಕದಲ್ಲಿ ಸಮುದ್ರದ ತಳ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ಮರೀನಾ ಬೀಚು, ನಾಗಪಟ್ಟಣ. ಆಮೇಲೆ ಕಾರ್ ನಿಕೋಬಾರ್. 'ಸುನಾಮಿ' ಎಂಬ ಶಬ್ದವನ್ನು ನಮ್ಮ ಊರಿನಲ್ಲಿ ಬಹಳ ಜನ ಕೇಳಿದ್ದೇ ಆವತ್ತು. ನಮ್ಮ ದೇಶ ಒಂದರಲ್ಲೇ ಸತ್ತವರ ಲೆಕ್ಕ ಹತ್ತು ಸಾವಿರ ದಾಟಿತು. ಗ್ರೇಟ್ ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕೆಳಕ್ಕೆ ಕುಸಿದು, ಅಲ್ಲಿನ ದೀಪಸ್ತಂಭದ ಬುಡ ನೀರೊಳಗೆ ನಿಂತಿತು. ಅದೇ ಹೊತ್ತಿಗೆ ಉತ್ತರ ಅಂಡಮಾನಿನ ತೀರ ಮೇಲೆದ್ದು, ನೀರಿನೊಳಗಿದ್ದ ಹವಳ ಬಿಸಿಲಿಗೆ ಬಿದ್ದು ಸತ್ತಿತು. ಒಂದು ಕಡೆ ಇಳಿದು ಇನ್ನೊಂದು ಕಡೆ ಏರುವ ಏತದ ಹಾಗೆ.

ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆವತ್ತು ನನ್ನ ಮನಸ್ಸಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? 'ಅಯ್ಯೋ, ನಮ್ಮ ಟಿಕೆಟ್ಟು!' ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಡಗುಗಳು ಪರಿಹಾರ ಸಾಮಗ್ರಿ ಸಾಗಿಸಲು ಹೋದವು, ನಮ್ಮ ಪ್ರಯಾಣ ರದ್ದಾಯಿತು. ಅಳಿಯನಿಗೆ ಹೇಳಲು ಕೊಳ್ಳೇಗಾಲಕ್ಕೆ ಹೋದೆ. ಅವನು ಸಿಟ್ಟಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಪುಸ್ತಕದಿಂದ ತಲೆ ಎತ್ತದೆ, 'ಗೊತ್ತಿತ್ತು ಬುಡಿ ಮಾವ' ಎಂದ. ಸುನಾಮಿ ಬರುವುದು ಅವನಿಗೆ ಹೇಗೆ ಗೊತ್ತಿರಲು ಸಾಧ್ಯ? ಅವನಿಗೆ ಗೊತ್ತಿದ್ದದ್ದು ನಾನು.

ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ಶಾಲೆಯ ಅಟ್ಲಾಸು ನೆನಪಾಯಿತು. ಪೋರ್ಟ್ ಬ್ಲೇರ್ ಇರುವುದು ಉತ್ತರ ಅಕ್ಷಾಂಶ ಹನ್ನೊಂದೂಮುಕ್ಕಾಲು ಡಿಗ್ರಿಯ ಹತ್ತಿರ. ನಮ್ಮ ಯಳಂದೂರು ಹನ್ನೆರಡು ಡಿಗ್ರಿ. ಅಂದರೆ ನಾವೂ ಅಷ್ಟೇ ಉಷ್ಣವಲಯದವರು. ದ್ವೀಪ ಎಂದರೇನು? ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ. ಪಠ್ಯಪುಸ್ತಕದಲ್ಲಿ ಉಪ್ಪುನೀರೇ ಆಗಬೇಕೆಂದು ಬರೆದಿಲ್ಲ! ಕೊಳ್ಳೇಗಾಲದಿಂದ ಮಳವಳ್ಳಿ ಕಡೆಗೆ ಹೋಗುವಾಗ ಕಾವೇರಿ ಎರಡು ಕವಲಾಗಿ ಒಡೆದು ನಡುವೆ ಒಂದು ದ್ವೀಪವನ್ನು ಬಿಟ್ಟುಕೊಟ್ಟಿದ್ದಾಳೆ. ಸುಮಾರು ಮೂರು ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ. ಹೆಸರಿನಲ್ಲೇ ಸಮುದ್ರ ಬೇರೆ. ನಾನು ಅಲ್ಲಿಗೆ ಹತ್ತಾರು ಸಲ ಹೋಗಿದ್ದೆ. ಹೇಗೆ? ಶಾಲೆಯ ಮಕ್ಕಳೊಂದಿಗೆ ಬಸ್ಸಿನಲ್ಲಿ ಇಳಿದು, ಜಲಪಾತ ನೋಡಿ, ಚಿತ್ರಾನ್ನ ತಿಂದು, ತಲೆ ಎಣಿಸಿ, ಬಸ್ಸು ಹತ್ತಿ. ಒಂದು ರಾತ್ರಿಯೂ ಉಳಿದಿರಲಿಲ್ಲ.

ಅಕ್ಕನನ್ನು ಒಪ್ಪಿಸುವುದು ಅಂಡಮಾನಿಗೆ ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ಟೀವಿಯಲ್ಲಿ ಅಲೆ ನೋಡಿದ ಮೇಲೆ ಅವಳು ಬಾವಿಯ ಹತ್ತಿರವೂ ಮಗನನ್ನು ಬಿಡುತ್ತಿರಲಿಲ್ಲ. 'ನೀರು ಕಂಡ ಕಡೆ ಕರಕೊಂಡು ಹೋಗ್ಬ್ಯಾಡ ಕನಪ್ಪ' ಎಂದಳು. ಕೊನೆಗೆ ನನ್ನಿಂದ ಭಾಷೆ ತೆಗೆದುಕೊಂಡಳು: ತೆಪ್ಪ ಹತ್ತಿಸಕೂಡದು, ಹುಡುಗನ ಕಾಲು ನೀರಿಗೆ ಇಳಿಯಕೂಡದು.

ಸಂಕ್ರಾಂತಿಯ ಮಾರನೇ ದಿನ, ಜನವರಿ 15ರ ಶನಿವಾರ ಹೊರಟೆವು. ಚೀಲದಲ್ಲಿ ಅಂಡಮಾನಿಗೆಂದು ಜೋಡಿಸಿದ್ದ ಸಾಮಾನೇ: ಟಾರ್ಚು, ಹಗ್ಗ, ಸೊಳ್ಳೆಪರದೆ, ಹುರಿಹಿಟ್ಟು, ನಿಪ್ಪಟ್ಟು. ಜೊತೆಗೆ ಅಕ್ಕ ಕಟ್ಟಿಕೊಟ್ಟ ಎಳ್ಳುಬೆಲ್ಲ. ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ನಡೆಯತೊಡಗಿದೆವು. ಗದ್ದೆ, ಕಬ್ಬು, ತೆಂಗು. ಹುಡುಗ ಹತ್ತು ಹೆಜ್ಜೆ ಹಿಂದೆಯೇ ಬರುತ್ತಿದ್ದ. ಅಷ್ಟು ದೊಡ್ಡ ಚೀಲ ಹೊತ್ತು ನಡೆಯುವವರನ್ನು ಕಂಡು ದಾರಿಹೋಕರೊಬ್ಬರು, 'ಮಾದಪ್ಪನ ಬೆಟ್ಟಕ್ಕಾ?' ಎಂದು ಕೇಳಿದರು. ನಮ್ಮ ಕಡೆ ಗಂಟು ಹೊತ್ತು ನಡೆಯುವವರೆಲ್ಲ ಮಲೆ ಮಹದೇಶ್ವರನ ಪರಿಷೆಯವರೇ. 'ಇಲ್ಲ, ದ್ವೀಪಕ್ಕೆ' ಎಂದೆ. ಅವರು ಮುಖ ಮುಖ ನೋಡಿ ಹೋದರು.

ದ್ವೀಪಕ್ಕೆ ದಾಟುವ ಹಳೆಯ ಸೇತುವೆಯನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಅದು ವೆಲ್ಲೆಸ್ಲಿ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವರು ಕಟ್ಟಿಸಿದ್ದು. ನದಿಯ ತಳದ ಬಂಡೆಯ ಮೇಲೆ ನೆಟ್ಟ ಕಲ್ಲುಕಂಬಗಳು, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆಗಳು. ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ನದಿಯ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ನಾವು ನಡೆದಾಗ ಅದು ಗಟ್ಟಿಯಾಗಿತ್ತು. ನಡುವೆ ನಿಂತು, 'ನೋಡು, ಈ ದಡ ಬಿಟ್ಟೆವು, ಇನ್ನು ದ್ವೀಪ' ಎಂದೆ.

'ಇದು ದ್ವೀಪಾನಾ ಮಾವ?' ಎಂದ. ಆ ದಿನ ಅವನು ಆಡಿದ ಮೊದಲ ಪೂರ್ತಿ ವಾಕ್ಯ.

ಭರಚುಕ್ಕಿಯಲ್ಲಿ ಆಗ ನೀರು ಕಡಿಮೆ. ಜುಲೈ, ಆಗಸ್ಟಿನಲ್ಲಿ ಕನ್ನಂಬಾಡಿ, ಕಬಿನಿ ಎರಡೂ ತುಂಬಿ ಬಿಟ್ಟಾಗ ನೋಡಿದವರಿಗೆ ಅದೇ ಜಾಗ ಎಂದು ಗುರುತು ಸಿಗುವುದಿಲ್ಲ. ಬಂಡೆಯ ಮೈಯೆಲ್ಲ ಬಯಲಾಗಿ, ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ನನಗೇನೋ ಬಂಡೆ ಕಂಡದ್ದೇ ಸಂತೋಷ. ಇದು ನೈಸ್ ಶಿಲೆ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಅಂಡಮಾನಿನ ಕೆಳಗೆ ಭೂಮಿಯ ಒಂದು ಚಿಪ್ಪು ಇನ್ನೊಂದರ ಅಡಿಗೆ ಇಂದಿಗೂ ತೂರುತ್ತಿದೆ. ನಮ್ಮದು ಹಾಗಲ್ಲ, ಎಂದೋ ತಣ್ಣಗಾಗಿ ಕುಳಿತ ನೆಲ. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಹುಡುಗನ ಕಣ್ಣು ಕೆಳಗಿನ ಮಡುವಿನಲ್ಲಿ ತಿರುಗುತ್ತಿದ್ದ ತೆಪ್ಪದ ಮೇಲಿತ್ತು. ತೆಪ್ಪದವನು ಕೈಬೀಸಿ ಕರೆದ. 'ಬೇಡ. ನಿಮ್ಮಮ್ಮನಿಗೆ ಭಾಷೆ ಕೊಟ್ಟಿದ್ದೇನೆ' ಎಂದೆ.

'ನಂಗೂ ಕೊಟ್ಟಿದ್ರಿ' ಎಂದ.

ನಾನು ಸುಮ್ಮನಾದೆ. ಹುರಿದ ಮೀನು ಮಾರುತ್ತಿದ್ದರು, ಕೊಡಿಸಿದೆ. ತಿಂದ. ಮಾತಿಲ್ಲ.

ಸಂಜೆ ರಂಗನಾಥನ ಗುಡಿಯ ಹತ್ತಿರ ಬಂದೆವು. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ ಎನ್ನುತ್ತಾರೆ. ಮೂರೂ ಕಾವೇರಿಯ ದ್ವೀಪಗಳೇ ಎಂಬುದು ಆ ಜಗಲಿಯ ಮೇಲೆ ಕುಳಿತಾಗಲೇ ನನಗೆ ಹೊಳೆದದ್ದು. ಹತ್ತಿರದ ಮನೆಯ ವೃದ್ಧ ದಂಪತಿ ತಮ್ಮ ಜಗಲಿಯಲ್ಲಿ ಮಲಗಲು ಜಾಗ ಕೊಟ್ಟರು. ಮುದ್ದೆ, ಅವರೆಕಾಳಿನ ಸಾರು. ಹಣ ಕೊಡಹೋದರೆ ಅಜ್ಜಿ ಬೈದರು. ಎಳ್ಳುಬೆಲ್ಲ ಕೊಟ್ಟೆವು, ತೆಗೆದುಕೊಂಡರು. ಅಜ್ಜ, ಕುದುರೆಯೊಂದಿಗೆ ಜಲಪಾತಕ್ಕೆ ಹಾರಿದ ಗಂಗರಾಜನ ಕಥೆ ಹೇಳಿದರು.

ಆ ರಾತ್ರಿಯ ಆಕಾಶವನ್ನು ನಾನು ಮರೆತಿಲ್ಲ. ಅರ್ಧಕ್ಕೂ ಕಡಿಮೆ ಇದ್ದ ಚಂದ್ರ ಮುಳುಗಿದ ಮೇಲೆ ಕೃತ್ತಿಕೆಯ ಗುಂಪಿನಿಂದ ತುಸು ಆಚೆ, ಅರಳಿದ ಹತ್ತಿಯ ಚೂರಿನಂತೆ ಮಬ್ಬಾಗಿ ಒಂದು ಧೂಮಕೇತು. ಮಾಕೋಲ್ಜ್ ಎಂದು ಅದರ ಹೆಸರು. ಆ ತಿಂಗಳು ಬರಿಗಣ್ಣಿಗೂ ಕಾಣುತ್ತಿತ್ತು. ಮಿಥುನ ರಾಶಿಯಲ್ಲಿ ಶನಿಗ್ರಹ ಸ್ಥಿರವಾಗಿ ಬೆಳಗುತ್ತಿತ್ತು. ಹಿಂದಿನ ಸಂಜೆ, ಸಂಕ್ರಾಂತಿಯ ದಿನವೇ, ಆ ಶನಿಯ ಉಪಗ್ರಹ ಟೈಟನ್ ಮೇಲೆ ಹಾಯ್ಗೆನ್ಸ್ ಎಂಬ ನೌಕೆ ಇಳಿದಿತ್ತು. 1997ರಲ್ಲಿ ಹೊರಟು ಏಳು ವರ್ಷ ಪ್ರಯಾಣ ಮಾಡಿ! 'ಅದು ಅಲ್ಲಿವರೆಗೂ ಹೋಯ್ತು, ನಾವು ಚೆನ್ನೈಗೂ ಹೋಗ್ಲಿಲ್ಲ' ಎಂದ ಹುಡುಗ, ಕತ್ತಲಲ್ಲಿ. ನಗುತ್ತಿದ್ದನೋ ಏನೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: 'ಮಾವ, ನಮ್ಮ ಟಿಕೆಟ್ಟು ಮೂರು ವಾರ ಮುಂಚೆ ಇದ್ದಿದ್ರೆ?' ಅದೇ ಪ್ರಶ್ನೆ ನನ್ನೊಳಗೂ ಇಪ್ಪತ್ತು ದಿನಗಳಿಂದ ಇತ್ತು. ಉತ್ತರ ಹೇಳಲಿಲ್ಲ. ಇಬ್ಬರೂ ನೀರಿನ ಸದ್ದು ಕೇಳುತ್ತ ಮಲಗಿದೆವು.

ಬೆಳಗಿನ ಜಾವ ಎಚ್ಚರವಾದಾಗ ಪಕ್ಕದ ಕಂಬಳಿ ಖಾಲಿ.

ಬಹಿರ್ದೆಸೆಗೆ ಹೋಗಿರಬೇಕೆಂದುಕೊಂಡು ಹತ್ತು ನಿಮಿಷ ಕಾದೆ. ಬರಲಿಲ್ಲ. ಮಂಜು ಮುಸುಕಿತ್ತು. ಗುಡಿಯ ಸುತ್ತ ನೋಡಿದೆ, ಬಾವಿಗೆ ಇಣುಕಿದೆ. ಹೆಸರು ಹಿಡಿದು ಕೂಗಿದರೆ ನೀರಿನ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಅಜ್ಜ, 'ಆನೆ ತಿರುಗೋ ಹೊತ್ತು, ದೂರ ಹೋಗ್ಬೇಡಿ' ಎಂದದ್ದು ನೆನಪಾಯಿತು. ಮೊದಲು ಭರಚುಕ್ಕಿಯ ದಾರಿ ಹಿಡಿದು ಓಡಿದೆ, ಅರ್ಧ ದಾರಿಯಲ್ಲಿ ತಿರುಗಿ ಸೇತುವೆ ಕಡೆಗೆ ಓಡಿದೆ. ಓಡುವಾಗ ಅಕ್ಕನ ಮುಖ ಎದುರಿಗಿತ್ತು. ಟೀವಿಯಲ್ಲಿ ಕಡಲ ದಂಡೆಯಲ್ಲಿ ನಿಂತು ಕೂಗುತ್ತಿದ್ದ ಹೆಂಗಸರ ಮುಖಗಳೂ ಇದ್ದವು. 26ನೇ ತಾರೀಖು ನನಗೆ ಹೊಳೆಯದೇ ಇದ್ದದ್ದು ಆ ಅರ್ಧ ಗಂಟೆಯಲ್ಲಿ ಹೊಳೆಯಿತು.

ಸೇತುವೆಯ ಕೆಳಗೆ ಇದ್ದ. ಕಲ್ಲುಕಂಬವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಿದಿರುಗಳು ಹಿಡಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ. ರಟ್ಟೆ ಹಿಡಿದು ದಡಕ್ಕೆ ಎಳೆದು ಕೆನ್ನೆಗೆ ಒಂದು ಹೊಡೆದೆ. ಹದಿನಾರು ವರ್ಷದ ಹುಡುಗನ ಮೇಲೆ ಕೈ ಮಾಡಬಾರದಾಗಿತ್ತು. ಆ ಹೊತ್ತಿನಲ್ಲಿ ಕೈ ನನ್ನ ಮಾತು ಕೇಳಲಿಲ್ಲ. ಅವನು ಅಳಲಿಲ್ಲ. ಬಂಡೆಯ ಮೇಲೆ ಕಲ್ಲು ಹೇರಿಟ್ಟಿದ್ದ ನೋಟುಬುಕ್ಕು ತೋರಿಸಿ, 'ಕ್ಯೂಸೆಕ್ಸ್ ಲೆಕ್ಕ ಹಾಕ್ತಿದ್ದೆ' ಎಂದ.

ಕಾವೇರಿ ಸೀಮೆಯ ಮಕ್ಕಳಿಗೆ ಅ ಆ ಇ ಈ ಜೊತೆಗೇ ಕಿವಿಗೆ ಬೀಳುವ ಶಬ್ದ ಕ್ಯೂಸೆಕ್ಸ್. ಇಷ್ಟು ಸಾವಿರ ಕ್ಯೂಸೆಕ್ಸ್ ಬಿಟ್ಟರು, ಅಷ್ಟು ಬಿಡಬಾರದು ಎಂದು ಬಂದ್, ರಸ್ತೆತಡೆ. ಆದರೆ ಒಂದು ಕ್ಯೂಸೆಕ್ ಅಂದರೆ ಎಷ್ಟು ನೀರು ಎಂದು ನನ್ನ ತರಗತಿಯಲ್ಲಿ ಕೇಳಿದರೆ ಕೈ ಎತ್ತುವವರು ಅಪರೂಪ. ಸೆಕೆಂಡಿಗೆ ಒಂದು ಘನ ಅಡಿ. ಅಂದರೆ ಇಪ್ಪತ್ತೆಂಟು ಲೀಟರು, ಎರಡು ಕೊಡ ನೀರು. ಪ್ರತಿ ಸೆಕೆಂಡಿಗೂ ಎರಡು ಕೊಡ ಸುರಿಯುತ್ತಲೇ ಇದ್ದರೆ ಒಂದು ಕ್ಯೂಸೆಕ್.

ಹುಡುಗ ಮಾಡಿದ್ದಿಷ್ಟು. ಎರಡು ಕಂಬಗಳ ನಡುವಿನ ಕಂಡಿ ಎಂಟು ಅಡಿ ಅಗಲ ಎಂದು ಹಗ್ಗದಿಂದ ಅಳೆದಿದ್ದ (ಅಂಡಮಾನಿನ ಹಗ್ಗ!). ಬಿದಿರುಗಳುವಿನಿಂದ ಆಳ ಎರಡು ಅಡಿ. ಕಂಬದ ಹತ್ತಿರ ಕಿತ್ತಳೆ ಸಿಪ್ಪೆ ಬಿಟ್ಟು, ಮೂವತ್ತು ಅಡಿ ಕೆಳಗಿನ ಬಂಡೆಗೆ ಅದು ತಲುಪುವವರೆಗೆ ಕೈಗಡಿಯಾರ ನೋಡಿದ್ದ. ಹದಿನೈದು ಸೆಕೆಂಡು. ಸೆಕೆಂಡಿಗೆ ಎರಡು ಅಡಿ ವೇಗ. ಎಂಟು ಗುಣಿಸು ಎರಡು ಗುಣಿಸು ಎರಡು, ಮೂವತ್ತೆರಡು ಕ್ಯೂಸೆಕ್ಸ್. ನೀರು ಹರಿಯುವ ಇಂಥ ಕಂಡಿಗಳು ಹದಿನಾರು. ಒಟ್ಟು 512 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ.

ನಾನು ಉಸಿರು ಸುಧಾರಿಸಿಕೊಂಡು ಬಂಡೆಯ ಮೇಲೆ ಕುಳಿತೆ. 'ತಪ್ಪು' ಎಂದೆ. ಅವನ ಹುಬ್ಬು ಗಂಟಾಯಿತು. ನದಿಯ ಮೇಲ್ಪದರದ ನೀರು ಓಡಿದಷ್ಟು ತಳದ ನೀರು ಓಡುವುದಿಲ್ಲ. ಬಂಡೆ, ಮರಳು ತಡೆಯುತ್ತವೆ. ಹಾಗಾಗಿ ತೇಲುವ ವಸ್ತುವಿನ ವೇಗವನ್ನು ಸುಮಾರಾಗಿ 0.85ರಿಂದ ಗುಣಿಸಬೇಕು. ಕಂಡಿಗೆ ಇಪ್ಪತ್ತೇಳು, ಹದಿನಾರು ಕಂಡಿಗೆ 432. 'ಎಲ್ಲಾ ಕಂಡಿನೂ ಒಂದೇ ಆಳ ಇರಲ್ವಲ್ಲ ಮಾವ?' ಎಂದ. ಇರುವುದಿಲ್ಲ. ಸರಿ, ಗಳು ನಾನು ಹಿಡಿದೆ. ಭಾಷೆ ಕೊಟ್ಟದ್ದು ಹುಡುಗನ ಕಾಲಿನ ಬಗ್ಗೆ, ನನ್ನ ಕಾಲಿನ ಬಗ್ಗೆ ಅಲ್ಲ! ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಕಂಬಕ್ಕೆ ಕಟ್ಟಿ, ದಡದ ಪಕ್ಕದ ನಾಲ್ಕು ಕಂಡಿಗಳನ್ನಷ್ಟೇ ಅಳೆದೆ. ನಡುಹೊಳೆಗೆ ಹೋಗುವ ಧೈರ್ಯ ಮಾಡಲಿಲ್ಲ. ಅವನು ದಡದ ಮೇಲೆ ಕುಳಿತು ಬರೆದುಕೊಂಡ. ಬಿಸಿಲೇರುವವರೆಗೆ ಅದೇ ಕೆಲಸ. (ಈ ಕೆಲಸವನ್ನು ಮಕ್ಕಳು ಅನುಕರಿಸಬೇಡಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಹೇಳದೆ ಕೇಳದೆ ಮಟ್ಟ ಏರುತ್ತದೆ. ಪ್ರಯೋಗ ಮಾಡುವ ಆಸೆಯಿದ್ದರೆ ಮನೆಯ ಹತ್ತಿರದ ಗದ್ದೆ ಕಾಲುವೆ ಸಾಕು.)

ಆ 432 ಕ್ಯೂಸೆಕ್ಸ್ ಲೆಕ್ಕದಲ್ಲಿ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಹರಿಯಲು ಇಪ್ಪತ್ತಾರು ದಿನಕ್ಕೂ ಮೇಲೆ ಬೇಕು. ಒಂದೇ ದಿನದಲ್ಲಿ ಹರಿಯಬೇಕಾದರೆ ಹನ್ನೊಂದೂವರೆ ಸಾವಿರ ಕ್ಯೂಸೆಕ್ಸ್ ಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ವರ್ಷವೊಂದರಲ್ಲಿ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ಪ್ರಮಾಣ 177.25 ಟಿಎಂಸಿ ಎಂದು ತೀರ್ಪು ಕೊಟ್ಟಾಗ, ಆ ಸಂಖ್ಯೆಯ ಗಾತ್ರ ಎಷ್ಟೆಂದು ನನ್ನ ಮೈಗೆ ತಿಳಿದದ್ದು ಆ ಬೆಳಗಿನಿಂದಾಗಿ.

ಮಧ್ಯಾಹ್ನ ಇನ್ನೊಂದು ಕವಲಿಗೆ, ಗಗನಚುಕ್ಕಿಗೆ ಹೋದೆವು. ಹೆಚ್ಚಿನವರು ಅದನ್ನು ಆಚೆ ದಡದಿಂದ, ಮಳವಳ್ಳಿ ಕಡೆಯಿಂದ ನೋಡುತ್ತಾರೆ. ದ್ವೀಪದ ಕಡೆಯಿಂದ ಹೋದರೆ ಮರ್ದಾನೆ ಗೈಬ್ ದರ್ಗಾ ಸಿಗುತ್ತದೆ. ಅಲ್ಲಿನ ಮರದ ನೆರಳಿನಲ್ಲಿ ಕುಳಿತು ಹುರಿಹಿಟ್ಟು ಕಲಸಿ ತಿಂದೆವು. ಗಗನಚುಕ್ಕಿ ಸೊರಗಿತ್ತು. ಬೇಸಿಗೆಯ ನೀರಿನ ಬಹುಭಾಗ ಕಾಲುವೆಗೆ ತಿರುಗಿ, ಕೊಳವೆಗಳಲ್ಲಿ ಇಳಿದು ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. 'ಒಂದು ಘನಮೀಟರ್ ನೀರು ನೂರು ಮೀಟರ್ ಬಿದ್ದರೆ ಎಷ್ಟು ಶಕ್ತಿ?' ಎಂದೆ. ಬೆರಳಿನಿಂದ ಮಣ್ಣಿನ ಮೇಲೆ ಬರೆದ. ಸಾವಿರ ಕಿಲೋ, ಗುಣಿಸು 9.8, ಗುಣಿಸು ನೂರು. ಸೆಕೆಂಡಿಗೆ ಒಂದು ಘನಮೀಟರ್ ಬೀಳುತ್ತಿದ್ದರೆ 980 ಕಿಲೋವಾಟ್. ನಷ್ಟ ಕಳೆದು ಉಳಿದದ್ದು ತಂತಿಗೆ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಜೋಲಿ ದ ಲಾಟ್ಬಿನಿಯೇರ್ ಎಂಬ ಎಂಜಿನಿಯರ್ ಹಾಕಿದ ಯೋಜನೆ ಅದು. 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಶೇಷಾದ್ರಿ ಅಯ್ಯರ್ ಮಾತ್ರ ಯಾವುದನ್ನೂ ನೋಡಲಿಲ್ಲ, 1901ರಲ್ಲೇ ತೀರಿಕೊಂಡರು. ಹುಡುಗ ಇದನ್ನು ಕೇಳಿ, 'ಪಾಪ' ಎಂದ. ಆಮೇಲೆ ತಾನಾಗಿಯೇ ಚೀಲದಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದು ನನಗೂ ಅರ್ಧ ಕೊಟ್ಟ. ಅವನ ಎಡಗೆನ್ನೆಯ ಮೇಲೆ ಕೆಂಪು ಇನ್ನೂ ಇತ್ತು. 'ನೋವಾಯ್ತೇನಪ್ಪ?' ಎಂದೆ. 'ಅಮ್ಮನಿಗೆ ಹೇಳಲ್ಲ ಬುಡಿ. ನೀವೂ ಹೇಳ್ಬೇಡಿ' ಎಂದ.

ಇನ್ನೊಂದು ರಾತ್ರಿ ಅದೇ ಜಗಲಿ. ಸೋಮವಾರ ಬೆಳಿಗ್ಗೆ ಅಜ್ಜಿಗೆ ಕೈಮುಗಿದು ಹೊರಟೆವು. ಸೇತುವೆ ದಾಟುವಾಗ ಹುಡುಗ ಮುಂದೆ, ನಾನು ಹಿಂದೆ.

ಟಿಕೆಟ್ಟಿನ ಹಣ ತಿಂಗಳುಗಳ ನಂತರ ವಾಪಸು ಬಂತು. ಅದರಲ್ಲಿ ಒಂದು ಪಾಲನ್ನು ಸುನಾಮಿ ಪರಿಹಾರಕ್ಕೆ ಕಳಿಸಿದೆ. ಉಳಿದದ್ದು ಎಲ್ಲಿ ಹೋಯಿತೋ, ಮೇಷ್ಟ್ರ ಮನೆಯಲ್ಲಿ ಹಣಕ್ಕೆ ದಾರಿ ಹೇಳಿಕೊಡಬೇಕೇ! ಅಂಡಮಾನನ್ನು ನಾನು ಈವರೆಗೂ ನೋಡಿಲ್ಲ.

ಆವತ್ತು ಮಧ್ಯಾಹ್ನ ಕೊಳ್ಳೇಗಾಲದ ಮನೆಗೆ ಬಂದಾಗ ಒಳಗೆ ಮಗ್ಗದ ಸದ್ದು ನಡೆದಿತ್ತು. ಅಕ್ಕ ಹೊರಗೆ ಬಂದವಳೇ ಮಗನ ಮುಖ ನೋಡಲಿಲ್ಲ, ಚೀಲ ಇಳಿಸಿಕೊಳ್ಳಲಿಲ್ಲ. ನೇರವಾಗಿ ಬಗ್ಗಿ ಅವನ ಪ್ಯಾಂಟಿನ ಕಾಲು ಮುಟ್ಟಿ ನೋಡಿದಳು. ಒಣಗಿತ್ತು. ಸಮಾಧಾನವಾಗಿ, ಒಗೆಯಲು ಹಾಕಬೇಕೆಂದು ಕೆಳಗಿನ ಮಡಿಕೆ ಬಿಚ್ಚಿ ಒದರಿದಳು. ಒಂದು ಹಿಡಿ ಹೊಳೆಮರಳು ಸುರ್ರನೆ ಜಗಲಿಯ ಮೇಲೆ ಸುರಿಯಿತು.

ಅಕ್ಕ ನನ್ನ ಕಡೆ ನೋಡಿದಳು. ಹುಡುಗನೂ ನನ್ನ ಕಡೆ ನೋಡಿದ. ನಾನು ಬೆನ್ನಿನ ಚೀಲ ಇಳಿಸಿ, ಅದರೊಳಗೆ ಏನನ್ನೋ ಬಹಳ ಹೊತ್ತು ಹುಡುಕತೊಡಗಿದೆ.